ಸೀಲು ಬಿದ್ದ ಕರಪತ್ರ

ತುಮಕೂರಿನ ಉಪ್ಪಾರಹಳ್ಳಿಯ ಚನ್ನಬಸವಯ್ಯ ಸ್ಮಾರಕ ವಾಚನಾಲಯದಲ್ಲಿ ಒಂದು ಕಟ್ಟುನಿಟ್ಟಿತ್ತು. ಒಳಗೆ ಬಂದ ಕಾಗದ ಯಾವುದೇ ಆಗಲಿ, ಮೊದಲು ಸೀಲು, ಆಮೇಲೆ ಓದು. ಬೆಳಗಿನ ಪೇಪರು, ವಾರಪತ್ರಿಕೆ, ಯಾರೋ ದಾನ ಕೊಟ್ಟ ಹಳೇ ಪಂಚಾಂಗ, ಕೊನೆಗೆ ಮದುವೆಯ ಕರೆಯೋಲೆ ಬಂದರೂ ಅದರ ಹಣೆಯ ಮೇಲೆ ನೇರಳೆ ಶಾಯಿಯ ದುಂಡು ಮುದ್ರೆ ಬೀಳಲೇಬೇಕು. ನಮ್ಮ ಜನ ಬಲು ಸಂಭಾವಿತರು ನೋಡಿ, ಸೀಲಿಲ್ಲದ ಪತ್ರಿಕೆ ಕಂಡರೆ ಇದು ಯಾರದ್ದೂ ಅಲ್ಲ ಎಂದುಕೊಂಡು ಮಡಚಿ ಕಂಕುಳಿಗೆ ಸೇರಿಸಿಬಿಡುತ್ತಾರೆ. ವಾಚನಾಲಯದ ಕಾರ್ಯದರ್ಶಿ ರಾಮಾಂಜಿನಯ್ಯ ಮೇಷ್ಟ್ರು ಬೇರೆ ಎಲ್ಲದರಲ್ಲೂ ಬೆಣ್ಣೆಯಂಥ ಮನುಷ್ಯ, ಈ ಸೀಲಿನ ವಿಷಯಕ್ಕೆ ಬಂದರೆ ಮಾತ್ರ ಕಲ್ಲು. ಹಾಗಾಗಿ ಲೈಬ್ರೇರಿಯನ್ ಕೋಮಲಾ ದಿನಾ ಬೆಳಗ್ಗೆ ಬಾಗಿಲು ತೆಗೆದು, ಕಸ ಹೊಡೆಸಿ, ದೇವರ ಪಟಕ್ಕೆ ಕೈಮುಗಿದು, ಟಪ್ ಟಪ್ ಎಂದು ಸೀಲು ಹಾಕುತ್ತ ಕೂರುತ್ತಿದ್ದಳು. ಅಭ್ಯಾಸ ಎಷ್ಟಾಗಿತ್ತೆಂದರೆ ಕಾಗದದಲ್ಲಿ ಏನಿದೆ ಎಂದು ನೋಡುವ ಮೊದಲೇ ಕೈ ಎದ್ದು ಬಿದ್ದಿರುತ್ತಿತ್ತು.

ಕೋಮಲಾ ಗುಬ್ಬಿಯ ಹುಡುಗಿ. ಪಿಯುಸಿ ಮುಗಿಸಿ, ಲೈಬ್ರರಿ ಸರ್ಟಿಫಿಕೇಟ್ ಕೋರ್ಸು ಮಾಡಿ, ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸಕ್ಕಿದ್ದವನನ್ನು ಮದುವೆಯಾಗಿ ತುಮಕೂರಿಗೆ ಬಂದವಳು. ತೊಂಬತ್ಮೂರರಲ್ಲಿ ಈ ಕೆಲಸಕ್ಕೆ ಸೇರಿದಾಗ ಬಂದವರು ಅವಳನ್ನು ಕೇಳುತ್ತಿದ್ದುದು ಎರಡೇ ಪ್ರಶ್ನೆ. ಪೇಪರು ಬಂತಾ? ಫ್ಯಾನು ಹಾಕ್ತೀರಾ? ಪುಸ್ತಕದ ಕಪಾಟಿನ ಬೀಗ ತೆಗೆಯಲು ಹೇಳಿದವರು ಅಪರೂಪ. ಅವಳಿಗೆ ಅದೊಂದು ಕೊರಗು.

ಆ ಕಪಾಟಿನ ಬೀಗ ತೆಗೆಸಿದವಳು ಕಸ ಹೊಡೆಯುವ ಹನುಮಕ್ಕ. ಆ ವರ್ಷ ಎಲ್ಲಿಂದಲೋ ಒಂದು ಸುದ್ದಿ ಎದ್ದಿತ್ತು: ಒಬ್ಬನೇ ಗಂಡುಮಗನಿರುವ ತಾಯಂದಿರು ತವರಿನಿಂದ ಹಸಿರು ಸೀರೆ, ಹಸಿರು ಬಳೆ ತರಿಸಿಕೊಂಡು ಉಡಬೇಕು, ಇಲ್ಲದಿದ್ದರೆ ಮಗನಿಗೆ ಕಂಟಕ. ಬಳೆ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ, ಅಣ್ಣ ತಮ್ಮಂದಿರ ಮೇಲೆ ಮುನಿಸು, ಬಸ್ಸಿನ ತುಂಬ ಹಸಿರು ಗಂಟು. ಹನುಮಕ್ಕನಿಗೆ ಒಬ್ಬನೇ ಮಗ. ತವರು ಎನ್ನುವುದು ಹೆಸರಿಗೂ ಉಳಿದಿರಲಿಲ್ಲ. ಪೊರಕೆ ಹಿಡಿದುಕೊಂಡೇ ಅತ್ತುಬಿಟ್ಟಳು. "ನಂಗೆ ಕೊಡೋರು ಯಾರವ್ರೆ ಕೋಮಲಮ್ಮ? ಇಷ್ಟೊಂದು ಬುಕ್ ಇಟ್ಕಂಡಿದೀರಲ್ಲ, ಯಾವ ಬುಕ್ಕಲ್ಲಿ ಹಂಗಂತ ಬರ್ದವ್ರೆ, ಒಸಿ ನೋಡಿ ಹೇಳಿ."

ಕೋಮಲಾ ನೋಡಿದಳು. ವ್ರತದ ಪುಸ್ತಕ, ಪುರಾಣ, ಪಂಚಾಂಗ, ಧರ್ಮಸಂಗ್ರಹ, ಎಲ್ಲ ಜಾಲಾಡಿದಳು. ಎಲ್ಲೂ ಇಲ್ಲ. ದೇವಸ್ಥಾನದ ಅರ್ಚಕರನ್ನು ಕೇಳಿದರೆ ಅವರೂ ಬಳೆ ಅಂಗಡಿಯವನಿಂದಲೇ ಕೇಳಿದ್ದಂತೆ. ಅವಳು ಒಂದು ಬಿಳಿ ಹಾಳೆ ತೆಗೆದುಕೊಂಡು, ಏನೇನು ನೋಡಿದೆ, ಆ ಪುಸ್ತಕ ಯಾವ ಕಪಾಟಿನಲ್ಲಿದೆ, ಯಾರನ್ನು ಕೇಳಿದೆ, ಅವರೇನೆಂದರು ಎಂದೆಲ್ಲ ದುಂಡಗೆ ಬರೆದು ಬೋರ್ಡಿಗೆ ಚುಚ್ಚಿದಳು. ಕೊನೆಯಲ್ಲಿ ನಾಲ್ಕು ಪ್ರಶ್ನೆ: ಹೇಳಿದ್ದು ಯಾರು? ಕಂಡವರು ಯಾರು? ಎಲ್ಲಿ ಬರೆದಿದೆ? ಹೇಳಿದವರಿಗೇನು ಲಾಭ? ಅಕ್ಷರ ಬಾರದ ಹನುಮಕ್ಕ ಅದನ್ನು ಓದಿಸಿ ಕೇಳಿಸಿಕೊಂಡು, ಸೆರಗಿನಲ್ಲಿ ಮುಖ ಒರೆಸಿಕೊಂಡು ಕೆಲಸಕ್ಕೆ ಹೋದಳು. ಅವಳ ಮಗನಿಗೆ ಏನೂ ಆಗಲಿಲ್ಲ ಎಂದು ಬೇರೆ ಹೇಳಬೇಕೇ?

ಅಲ್ಲಿಂದ ಶುರುವಾಯಿತು 'ವಿಚಾರಿಸುವ ಹಾಳೆ'. ಊರಲ್ಲಿ ಯಾವ ಗುಲ್ಲೆದ್ದರೂ ಅದಕ್ಕೊಂದು ಹಾಳೆ. ಪರೀಕ್ಷೆಗೆ ಓದಲು ಬರುವ ಹುಡುಗರು ಅವಳಿಗೆ 'ಅನುಮಾನದ ಕೋಮಲಮ್ಮ' ಎಂದು ಹೆಸರಿಟ್ಟರು. ಇಟ್ಟರೆ ಇಟ್ಟುಕೊಳ್ಳಲಿ, ಈಗ ಕಪಾಟಿನ ಬೀಗ ವಾರಕ್ಕೆ ನಾಲ್ಕು ಸಲವಾದರೂ ತೆರೆಯುತ್ತಿತ್ತು. ಅವಳಿಗೆ ಒಳಗೊಳಗೇ ಹೆಮ್ಮೆ. ಹೆಮ್ಮೆ ಪಡಬಾರದು ಎಂದೇನಿಲ್ಲ, ಆದರೆ ಅದು ಕಣ್ಣನ್ನು ಸ್ವಲ್ಪ ಮಂಜು ಮಾಡುತ್ತದೆ.

ತೊಂಬತ್ತೆಂಟರ ಮಳೆಗಾಲದಲ್ಲಿ ಒಂದು ಹಳದಿ ಕರಪತ್ರ ಬಸ್‌ಸ್ಟ್ಯಾಂಡಿನಿಂದ ಬಸ್‌ಸ್ಟ್ಯಾಂಡಿಗೆ ಓಡಾಡುತ್ತಿತ್ತು. ಹುಚ್ಚುನಾಯಿ ಕಡಿದವರು ಹೊಕ್ಕುಳ ಸುತ್ತ ಸೂಜಿ ಚುಚ್ಚಿಸಿಕೊಳ್ಳಬೇಕಿಲ್ಲ, ಒಂದು ಸೊಪ್ಪಿನ ರಸ ಸಾಕು, ಸೂಜಿ ಬೆರೆಸಿದರೆ ಸೊಪ್ಪು ನಾಟುವುದಿಲ್ಲ, ಬೇಕಾದರೆ ಗುಬ್ಬಿ ತಾಲ್ಲೂಕು ಹಾಗಲವಾಡಿಯ ಸಿದ್ದಗಂಗಯ್ಯನವರನ್ನು ನೋಡಿ, ಬದುಕಿ ಸಾಕ್ಷಿಯಾಗಿದ್ದಾರೆ. ಕೆಳಗೆ ಸೊಪ್ಪು ಸಿಗುವ ಸಂತೆಯ ವಾರ. ಆಗಿನ ಕಾಲದಲ್ಲಿ ನಾಯಿ ಕಡಿದರೆ ದಿನಕ್ಕೊಂದರಂತೆ ಹೊಟ್ಟೆಗೇ ಸೂಜಿ. ಅದರ ನೋವಿಗೆ ಹೆದರಿ ಗಂಡಾಳುಗಳೂ ಆಸ್ಪತ್ರೆಯ ಹಿಂಬಾಗಿಲಿನಿಂದ ಓಡಿಹೋಗುತ್ತಿದ್ದರು. ಇಂಥ ಕರಪತ್ರ ಸಿಕ್ಕರೆ ಬಿಟ್ಟಾರೆಯೇ?

ಕೋಮಲಾಳಿಗೆ ಮೈಯೆಲ್ಲ ಉರಿಯಿತು. ಆರೋಗ್ಯದ ಪುಸ್ತಕಗಳನ್ನು ತೆಗೆದು ಓದಿ, ಡಾಕ್ಟರೊಬ್ಬರನ್ನು ಕೇಳಿ, ಉದ್ದನೆಯ ಹಾಳೆ ಬರೆದಳು. ಯಾವುದನ್ನು ಸುಳ್ಳೆನ್ನುತ್ತಿದ್ದೇನೆ ಎಂದು ಜನಕ್ಕೆ ಕಾಣಬೇಕಲ್ಲ ಎಂದು ಆ ಹಳದಿ ಕರಪತ್ರವನ್ನೂ ಬೋರ್ಡಿಗೆ ಚುಚ್ಚಿ, ಪಕ್ಕದಲ್ಲಿ ತನ್ನ ಹಾಳೆ ಚುಚ್ಚಿದಳು. ಚುಚ್ಚುವ ಮೊದಲು ಕೈ ತಾನಾಗಿ ಎದ್ದಿತು, ಟಪ್ ಎಂದು ಎರಡಕ್ಕೂ ಸೀಲು ಬಿತ್ತು. ರಾಮಾಂಜಿನಯ್ಯ ಮೇಷ್ಟ್ರು ನೋಡಿ ತಲೆದೂಗಿದರು. ಒಳಗೆ ಬಂದ ಕಾಗದಕ್ಕೆ ಸೀಲು ಬಿದ್ದಿದೆ, ಸರಿಯಾಗಿಯೇ ಇದೆ.

ಒಂದು ಭಾನುವಾರ ಬೆಳಗ್ಗೆ ಮುತ್ತುರಾಜ್ ಬಂದ. ಕೋಮಲಾಳ ಅಕ್ಕ ಪುಟ್ಟಗಂಗಮ್ಮನ ಮಗ, ಹಿರೇಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ, ರಜೆಯ ದಿನ ಇಲ್ಲಿ ಪೇಪರು ಓದಲು ಬರುವವನು. ಅಕ್ಕನ ಮನೆ ಕುಣಿಗಲ್ ಕೆರೆ ಕೆಳಗಿನ ಹಳ್ಳಿ. ಹುಡುಗನ ಮುಖ ಅರಳಿತ್ತು.

"ಚಿಗಮ್ಮ, ನಿನ್ ಲೈಬ್ರರಿ ದೆಸೆಯಿಂದ ಅಪ್ಪ ಬಚಾವಾಯ್ತು ಕಣಮ್ಮ."

"ಏನಾಯ್ತೋ ಭಾವಂಗೆ?"

"ನಾಯಿ ಕಡ್ದಿತ್ತು. ಹೊಲದಿಂದ ಬರ್ತಿದ್ರೆ ಎಲ್ಲಿಂದ್ಲೋ ಬಂದು ಮೀನಖಂಡಕ್ಕೇ ಬಾಯಿ ಹಾಕ್ತು. ಪಕ್ಕದ್ಮನೆ ಕರೂಗೂ ಕಡೀತು. ಆಸ್ಪತ್ರೇಲಿ ಮೂರು ಸೂಜಿ ಹಾಕ್ಸ್ಕಂಡು ಅಪ್ಪ ಒಲ್ಲೆ ಅಂತ ಒದ್ದಾಡ್ತಿತ್ತು. ನಂಗೆ ನಿನ್ ಬೋರ್ಡು ಗ್ಯಾಪಕ ಬಂತು. ಬಂದು ಜೆರಾಕ್ಸ್ ಮಾಡಿಸ್ಕಂಡೋದೆ. ಸೂಜಿ ನಿಲ್ಸಿ ಸೊಪ್ಪು ಕುಡಿಸ್ತಾ ಇದೀವಿ."

ಕೋಮಲಾ ಬೋರ್ಡಿನತ್ತ ತಿರುಗಿದಳು. "ಪಕ್ಕದಲ್ಲಿ ನಾನು ಬರ್ದಿದ್ನಲ್ಲೋ, ಅದನ್ನ ಓದ್ಲಿಲ್ವಾ?"

"ಅದು ಕೈಬರಹ ಅಲ್ವಾ ಚಿಗಮ್ಮ? ಉದ್ದ ಬೇರೆ ಇತ್ತು. ಅಚ್ಚಾಗಿರೋದನ್ನ ತಗಂಡೆ. ಸೀಲೂ ಇತ್ತಲ್ಲ."

ಅವನನ್ನು ಬೈಯಲು ಹೊರಟಳು. ಬೈಯುವುದಾದರೂ ಏನೆಂದು? ಸುಳ್ಳನ್ನು ನೀಟಾಗಿ ಅಚ್ಚಿನಲ್ಲಿ ಇಟ್ಟವಳು ಅವಳು, ನಿಜವನ್ನು ಕೈಯಲ್ಲಿ ಗೀಚಿದವಳೂ ಅವಳೇ. ಎದ್ದು ಹೋಗಿ ಕರಪತ್ರವನ್ನು ಕಿತ್ತಳು. "ಆ ನಾಯಿ ಏನಾಯ್ತು?" ಎಂದು ಮಾತ್ರ ಕೇಳಿದಳು.

"ಅದಾ? ಜೊಲ್ಲು ಸುರಿಸ್ಕಂಡು ತಿರುಗ್ತಿತ್ತು. ಎರಡು ದಿನಕ್ಕೆ ಏರಿ ಕೆಳಗೆ ಸತ್ತು ಬಿದ್ದಿತ್ತು."

ಕೋಮಲಾ ಕೈಗೆ ಸಿಕ್ಕ ಬ್ಯಾಗು ತಗಲಿಸಿಕೊಂಡು ಅವನ ಜೊತೆಗೇ ಕುಣಿಗಲ್ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಓಡುತ್ತಿದ್ದುದು ಡಾಕ್ಟರು ಹೇಳಿದ್ದ ಒಂದೇ ಮಾತು. ಈ ರೋಗ ಮೈಯಲ್ಲಿ ಕಾಣಿಸಿಕೊಂಡ ಮೇಲೆ ಯಾರೂ ಏನೂ ಮಾಡುವಂತಿಲ್ಲ, ನೀರು ಕಂಡರೆ ಗಂಟಲು ಹಿಡಿದುಕೊಳ್ಳುತ್ತದೆ. ಅಕ್ಕನ ಮನೆಯ ಹೊಸಿಲು ದಾಟಿದವಳು ಭಾವ ಮುದ್ದಯ್ಯನ ಮುಖ ನೋಡಲಿಲ್ಲ, ಅವನ ಕೈಯಲ್ಲಿದ್ದ ಚೊಂಬು ನೋಡಿದಳು. ಅವನು ಗಟಗಟ ಕುಡಿಯುತ್ತಿದ್ದ.

"ಭಾವ, ಎದ್ದೇಳಿ, ಆಸ್ಪತ್ರೆಗೆ ಹೋಗಾನ," ಎಂದಳು.

ಮುದ್ದಯ್ಯ ಹೊಲ ಮನೆ ಅಂತ ಇದ್ದ ಮನುಷ್ಯ, ಒಂದು ಮಾತು ಹಿಡಿದರೆ ಸುಲಭಕ್ಕೆ ಬಿಡುವವನಲ್ಲ. ಗೋಡೆಯ ಗೂಡಿನಿಂದ ಜೆರಾಕ್ಸ್ ತೆಗೆದು ಮುಂದಿಟ್ಟ. ಹಳದಿ ಹೋಗಿ ಬೂದಿಯಾಗಿತ್ತು, ದುಂಡು ಸೀಲು ಮಾತ್ರ ಕಪ್ಪಗೆ ಎದ್ದು ಕಾಣುತ್ತಿತ್ತು. "ಇದೇನವ್ವಾ ಕೋಮ್ಲಾ? ನೀನೇ ಸೀಲ್ ಹೊಡ್ದಿದೀಯ, ಈಗ ನೀನೇ ಬ್ಯಾಡ ಅಂತೀಯ?"

"ಅದು ಸುಳ್ಳು ಅಂತ ತೋರ್ಸಕ್ಕೆ ಹಾಕಿದ್ದು ಭಾವ. ಪಕ್ಕದಲ್ಲಿ ನಿಜ ಬರ್ದು ಹಾಕಿದ್ದೆ, ಅದಕ್ಕೂ ಸೀಲಿತ್ತು."

"ಓಹೋ. ಸುಳ್ಳಿಗೂ ಅದೇ ಸೀಲು, ನಿಜಕ್ಕೂ ಅದೇ ಸೀಲು. ಹಂಗಾದ್ರೆ ಈಗ ಹೇಳ್ತಿದೀಯಲ್ಲ, ಇದು ಯಾವ್ದು?"

ಪುಟ್ಟಗಂಗಮ್ಮ ಒಲೆಯ ಮುಂದಿನಿಂದಲೇ ಗದರಿದಳು. "ಏನ್ ಮಾತು ಅಂತ ಆಡ್ತೀರಿ? ನನ್ ತಂಗಿ ನಿಮಗೆ ಕೆಟ್ಟದ್ದು ಬಗೀತಾಳಾ?"

"ಕೆಟ್ಟದ್ದು ಬಗೀತಾಳೆ ಅಂದ್ನಾ ನಾನು? ಒಂದ್ಮಾತು ಕೇಳ್ತೀನಿ. ಇದ್ರಲ್ಲಿ ಸಿದ್ದಗಂಗಯ್ಯ ಅಂತ ಬರ್ದವ್ರಲ್ಲ, ಆ ಮನ್ಸ ಅವ್ನೋ ಇಲ್ವೋ?"

"ಗೊತ್ತಿಲ್ಲ ಭಾವ."

"ನೋಡಿಲ್ವಾ? ನಿನ್ ಗುಬ್ಬಿ ಕಡೆಯೋರೇ ಅಲ್ವಾ? ನೋಡ್ದೆ ಸುಳ್ಳು ಅಂತ ಬರ್ದ್ಬುಟ್ಯಾ?"

ಕೋಮಲಾಳಿಗೆ ಕೆನ್ನೆಗೆ ಬಾರಿಸಿದಂತಾಯಿತು. ಕಂಡವರು ಯಾರು ಎಂದು ಊರನ್ನೆಲ್ಲ ಕೇಳುತ್ತಿದ್ದವಳು ತಾನು ಎದ್ದು ಹೋಗಿ ನೋಡಿರಲಿಲ್ಲ. ಪುಸ್ತಕ ಓದಿದ್ದಳು, ಪುಸ್ತಕ ಸರಿಯಾಗಿಯೇ ಇತ್ತು, ಆದರೆ ಮುದ್ದಯ್ಯ ಪುಸ್ತಕ ಕೇಳುತ್ತಿರಲಿಲ್ಲ. ಅವನಿಗೆ ಬೇಕಾಗಿದ್ದುದು ಒಬ್ಬ ಮನುಷ್ಯ. ಆವೇಶದಲ್ಲಿ ಅವಳ ಬಾಯಿಂದ ಮಾತು ಜಾರಿತು. "ನಾಳೆ ಹೋಗಾನ ಹಾಗಲವಾಡಿಗೆ. ಆ ಮನುಷ್ಯ ಇಲ್ದೇ ಇದ್ರೆ ನೀವು ಸೂಜಿ ಹಾಕಿಸ್ಕಬೇಕು."

"ಇದ್ರೆ?"

"ಇದ್ರೆ ನಾನು ಇನ್ನೊಂದ್ಸಲ ಬಾಯ್ಬಿಡಲ್ಲ."

ಎಂಥ ಮಾತು ಆಡಿದಳು ನೋಡಿ! ಅಡುಗೆಮನೆಯಲ್ಲಿ ಪುಟ್ಟಗಂಗಮ್ಮ ಅವಳ ತೋಳು ಹಿಡಿದು, "ಇದ್ಬುಟ್ರೆ ಏನೇ ಮಾಡ್ತೀಯ?" ಎಂದು ಪಿಸುಗುಟ್ಟಿದಳು.

ಬೆಳಗ್ಗೆ ಮೊದಲ ಬಸ್ಸಿಗೆ ಭಾವ ನಾದಿನಿ ಹೊರಟರು. ತುಮಕೂರು ಮುಟ್ಟಿದಾಗ ಕೋಮಲಾ ಗೋಗರೆದಳು, ಆಸ್ಪತ್ರೆ ಇಲ್ಲೇ ಇದೆ, ಇವತ್ತಿನದೊಂದು ಹಾಕಿಸಿಕೊಂಡು ಮುಂದೆ ಹೋಗೋಣ ಎಂದು. "ಮಾತು ಅಂದ್ರೆ ಮಾತು," ಎಂದ ಮುದ್ದಯ್ಯ, ಗುಬ್ಬಿ ಬಸ್ಸು ಹುಡುಕುತ್ತ ನಡೆದ. ಗುಬ್ಬಿಯ ಸ್ಟ್ಯಾಂಡಿನಲ್ಲಿ ಹಾಗಲವಾಡಿಯ ಪ್ರೈವೇಟ್ ಬಸ್ಸಿಗೆ ಕಾಯುವಾಗ ಹೋಟೆಲಿನಿಂದ ನೀರು ತರಿಸಿ ಅವನ ಮುಂದಿಟ್ಟಳು. ಅವನು ಎರಡು ಗುಟುಕು ಕುಡಿದು ಕೆಮ್ಮಿದ. ಅವಳು ಎದ್ದು ನಿಂತಳು. "ನೆತ್ತಿಗೆ ಹತ್ತಿತವ್ವಾ, ಅಷ್ಟೇ," ಎಂದು ಅವನು ನಕ್ಕ. ಆದರೂ ಲೋಟ ಖಾಲಿಯಾಗುವವರೆಗೆ ಅವಳು ಕಣ್ಣು ಕೀಳಲಿಲ್ಲ.

ಹಾಗಲವಾಡಿಯಲ್ಲಿ ಇಳಿದು ಟೀ ಅಂಗಡಿಯಲ್ಲಿ ಸಿದ್ದಗಂಗಯ್ಯನ ಹೆಸರು ಹೇಳಿದ್ದೇ ತಡ, "ಅಗೋ, ಆ ಹುಣಸೆಮರದ ಮನೆ," ಎಂದು ತೋರಿಸಿದರು. ಸಿದ್ದಗಂಗಯ್ಯ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಗಟ್ಟಿಮುಟ್ಟಾದ ಆಳು. ಬಂದ ವಿಷಯ ಕೇಳಿ ಖುಷಿಯಾಗಿ, ಪಂಚೆ ಎತ್ತಿ, ಮಂಡಿಯ ಕೆಳಗಿನ ಕಲೆ ತೋರಿಸಿದ.

"ಹೂ ಕಣಪ್ಪ, ನಾನೇ. ನಾಯಿ ಕಡೀತು, ಸೊಪ್ಪಿನ ರಸ ಕುಡ್ದೆ, ಇಗೋ ನಿನ್ ಮುಂದೆ ಕುಂತಿದೀನಿ. ಒಂದು ಸೂಜೀನೂ ಮುಟ್ಲಿಲ್ಲ."

ಮುದ್ದಯ್ಯ ಕೋಮಲಾಳ ಕಡೆ ತಿರುಗಿದ. ಗೆದ್ದ ಜಂಬ ಇರಲಿಲ್ಲ ಅವನ ಮುಖದಲ್ಲಿ, ಅದೇ ಅವಳಿಗೆ ಇನ್ನೂ ಸಂಕಟವಾಯಿತು. ಅದು ಸಮಾಧಾನದ ಮುಖ, ಇನ್ನು ಹೆದರಬೇಕಿಲ್ಲ ಎನ್ನುವ ಮುಖ. ಮಾತು ಕೊಟ್ಟಾಗಿದೆ, ಸೋತಾಗಿದೆ. ಅಕ್ಕನಿಗೆ ಹೋಗಿ ಏನು ಹೇಳಲಿ ಎಂದು ಅವಳಿಗೆ ಅಳು ಉಕ್ಕಿ ಬಂತು.

ಆಗ ಜಗಲಿಯ ಮೂಲೆಯಲ್ಲಿ ಮಲಗಿದ್ದ ಒಂದು ಮುದಿ ಹೆಣ್ಣುನಾಯಿ ಮೈಮುರಿದು ಎದ್ದು, ಮುದ್ದಯ್ಯನ ಕಾಲಿನ ಗಾಯದ ಪಟ್ಟಿಯನ್ನು ಮೂಸಲು ಬಂತು. ಅವನು ಕಿಟಾರನೆ ಕಿರುಚಿ ಹಿಂದಕ್ಕೆ ನೆಗೆದ.

ಸಿದ್ದಗಂಗಯ್ಯ ಗಹಗಹಿಸಿ ನಕ್ಕ. "ಹೆದರ್ಕಬ್ಯಾಡ ಕಣಪ್ಪ, ನಮ್ ಕೆಂಚಿ ಅದು, ಏನೂ ಮಾಡಲ್ಲ. ನನ್ನ ಒಂದ್ಸಲ ಕಡ್ದಿದ್ದು ಬುಟ್ರೆ ಇನ್ಯಾರ್ನೂ ಮುಟ್ಟಿಲ್ಲ."

ಮುದ್ದಯ್ಯ ನಿಂತಲ್ಲೇ ನಿಂತ. "ಏನಂದೆ?"

"ಅದೇ, ಅವತ್ತು. ಮರಿ ಹಾಕಿತ್ತು. ನಾನೊಂದು ಮರಿ ಎತ್ಕಂಡೆ, ಸಿಟ್ಟು ಬಂತು, ಹಾಕ್ತು ಬಾಯಿ."

"ಇದೇ ನಾಯೀನಾ? ಸೊಪ್ಪು ಕುಡ್ದಿದ್ದು ಇದೇ ನಾಯಿ ಕಡ್ದಿದ್ದಕ್ಕಾ?"

"ಇದೇಯ. ಇನ್ಯಾವ್ದು ಮತ್ತೆ?"

"ಹುಚ್ಚುನಾಯಿ ಅಂತ ಬರ್ದವ್ರಲ್ಲಣ್ಣೋ ಇದ್ರಲ್ಲಿ!"

"ಅವ್ರು ಬರ್ಕಂಡವ್ರೆ, ನಾನೇನ್ ಮಾಡ್ಲಿ? ಸೊಪ್ಪು ಮಾರೋರು ಬಂದ್ರು, ನಾಯಿ ಕಡ್ದಿತ್ತಾ ಅಂದ್ರು, ಹೂ ಅಂದೆ. ಬದುಕಿದ್ಯಾ ಅಂದ್ರು, ಹೂ ಅಂದೆ. ಹೆಸ್ರು ಬರ್ಕಂಡೋದ್ರು."

ಕೋಮಲಾ ಬಾಯಿ ತೆರೆಯಲಿಲ್ಲ. ಕೊಟ್ಟ ಮಾತು ನೆನಪಿತ್ತು ಅಂತಲ್ಲ, ಭಾವನ ಮುಖ ನೋಡುತ್ತಿದ್ದಳು. ಮುದ್ದಯ್ಯ ಆ ನಾಯಿಯನ್ನು ದಿಟ್ಟಿಸಿದ. ಅದು ಬಾಲ ಅಲ್ಲಾಡಿಸಿತು, ಕಲ್ಲುಮರಿಗೆಯಲ್ಲಿದ್ದ ನೀರನ್ನು ಲಬಲಬ ನೆಕ್ಕಿ ಕುಡಿದು ಮತ್ತೆ ಹೋಗಿ ಮಲಗಿತು. ದನಕರು ಸಾಕಿದ ಮನುಷ್ಯನಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಹುಚ್ಚು ಹಿಡಿದ ನಾಯಿ ವಾರ ಕಳೆಯುವುದೇ ಕಷ್ಟ, ಇದು ಮುದಿಯಾಗಿ ಬಿಸಿಲು ಕಾಯಿಸುತ್ತಿದೆ.

"ಕೋಮ್ಲಾ," ಎಂದ ಮುದ್ದಯ್ಯ. ದನಿ ಇಳಿದಿತ್ತು. "ನನ್ನ ಕಡ್ದಿದ್ದು ಸತ್ತೋಯ್ತಲ್ಲವ್ವಾ."

ಗುಬ್ಬಿಗೆ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದವನೂ ಅವನೇ, ಬಸ್ಸು ತಡವೆಂದು ಗೊತ್ತಾದಾಗ ಟೆಂಪೋ ಒಂದಕ್ಕೆ ಕೈ ಅಡ್ಡ ಹಿಡಿದವನೂ ಅವನೇ. ತುಮಕೂರಿನಲ್ಲಿ ಡಾಕ್ಟರು ಇಬ್ಬರಿಗೂ ಸೇರಿಸಿ ಮಂಗಳಾರತಿ ಮಾಡಿದರು. ಮೊದಲಿನಿಂದ ಸೂಜಿ ಶುರುಮಾಡಬೇಕು, ನಡುವೆ ಬಿಟ್ಟ ದಿನಗಳಿಗೆ ತಾವು ಜವಾಬ್ದಾರರಲ್ಲ, ಕಡಿತ ತಲೆಗೆ ದೂರ ಕಾಲಲ್ಲಿದೆ, ಅದೊಂದು ಪುಣ್ಯ ಎಂದರು. ಮುದ್ದಯ್ಯ ಕೋಮಲಾಳ ಮನೆಯಲ್ಲೇ ಉಳಿದು, ದಿನಾ ಹಲ್ಲು ಕಚ್ಚಿಕೊಂಡು ಹೊಟ್ಟೆ ಒಡ್ಡಿದ. ಕೊನೆಯ ಸೂಜಿಯಾದ ಮೇಲೂ ರೋಗ ಎಲ್ಲಿ ಕಾಣಿಸಿಕೊಳ್ಳುತ್ತದೋ ಎಂದು ತಿಂಗಳುಗಟ್ಟಲೆ ಕಾಯಬೇಕಿತ್ತು. ಆ ತಿಂಗಳುಗಳಲ್ಲಿ ಕುಣಿಗಲ್ ಕಡೆಯಿಂದ ಯಾರು ಬಂದರೂ ಕೋಮಲಾ ಕೇಳುತ್ತಿದ್ದುದು ಒಂದೇ: ಭಾವ ನೀರು ಕುಡೀತಾರಾ? ಎದುರಿನವರಿಗೆ ಅದು ತಮಾಷೆ. ಅವಳಿಗೆ ಎದೆ ಹಿಂಡುವ ಪ್ರಶ್ನೆ.

ವಾಚನಾಲಯಕ್ಕೆ ಮರಳಿದ ದಿನವೇ ಅವಳು ರಾಮಾಂಜಿನಯ್ಯ ಮೇಷ್ಟ್ರಿಗೆ ನಡೆದುದೆಲ್ಲ ಹೇಳಿದಳು. ಮೇಷ್ಟ್ರು ಮರುದಿನವೇ ಹೊಸದೊಂದು ರಬ್ಬರ್ ಸೀಲು ಮಾಡಿಸಿಕೊಂಡು ಬಂದರು. 'ಇದನ್ನು ನಂಬಬೇಡಿ' ಎಂದು ದಪ್ಪ ಅಕ್ಷರ. "ಇನ್ಮೇಲೆ ಸುಳ್ಳಿಗೆ ಇದನ್ನ ಹಾಕಮ್ಮ."

"ಬ್ಯಾಡ ಸಾರ್," ಎಂದಳು ಕೋಮಲಾ. "ಇಷ್ಟು ದಿನ ಸೀಲು ನೋಡಿ ನಂಬ್ತಿದ್ರು. ಇನ್ಮೇಲೆ ಸೀಲು ನೋಡಿ ನಂಬ್ದೆ ಇರ್ತಾರೆ. ಎರಡರಲ್ಲೂ ಅವ್ರು ವಿಚಾರಿಸಿದ್ದೇನು?"

ಮೇಷ್ಟ್ರು ಒಪ್ಪಲು ಒಂದು ವಾರ ಹಿಡಿಯಿತು. ಕೊನೆಗೆ ವಿಚಾರಿಸುವ ಹಾಳೆಗೆ ಮಾತ್ರ ಸೀಲಿನಿಂದ ವಿನಾಯಿತಿ ಸಿಕ್ಕಿತು. ಹಾಳೆಯೂ ಬದಲಾಯಿತು. ಕೈಬರಹ ಹೋಗಿ ಅಚ್ಚಾಯಿತು, ಚಿಕ್ಕದಾಯಿತು, ಸುಳ್ಳು ಕರಪತ್ರವನ್ನು ಇಡಿಯಾಗಿ ತೋರಿಸುವುದು ನಿಂತಿತು. ಎಲ್ಲಕ್ಕಿಂತ ಮೇಲೆ, ಯಾವ ಗುಲ್ಲಿನ ಹಾಳೆಯೇ ಆಗಲಿ, ಒಂದೇ ಸಾಲು: 'ಕಡಿದ ನಾಯಿ ಎಲ್ಲಿದೆ?' ಕೆಳಗೆ ಓದುಗರೇ ತಾವು ಯಾರನ್ನು ಕೇಳಿದೆವು, ಏನು ಕಂಡೆವು ಎಂದು ಬರೆಯಲು ಖಾಲಿ ಜಾಗ. ಅವಳು ತನ್ನ ಪಾಲಿನದನ್ನು ಎದ್ದು ಹೋಗಿ ನೋಡದೆ ಒಂದು ಹಾಳೆಯನ್ನೂ ಬರೆಯಲಿಲ್ಲ. ಗುಬ್ಬಿ, ಕುಣಿಗಲ್ ಎಂದು ರಜೆಯ ದಿನಗಳೆಲ್ಲ ಬಸ್ಸಿನಲ್ಲೇ ಕಳೆದವು. ಗಂಡ ಗೊಣಗಿದ, ಆಮೇಲೆ ಅವನೂ ಕಾರ್ಖಾನೆಯ ಗೇಟಿನ ಟೀ ಅಂಗಡಿಗೆ ಹಾಳೆ ಒಯ್ದು ಅಂಟಿಸಿದ.

ಒಂದು ವಿಷಯ ಮಾತ್ರ ಅವಳನ್ನು ಬಿಡಲಿಲ್ಲ. ಬೋರ್ಡಿನ ಕರಪತ್ರ ಎಷ್ಟು ಜನರ ಕೈಗೆ ಹೋಗಿದೆ ಎಂದು ತಿರುವಿನ ಜೆರಾಕ್ಸ್ ಅಂಗಡಿಯವನನ್ನು ಕೇಳಿದ್ದಳು. ಅವನು ತಲೆ ಕೆರೆದುಕೊಂಡು, "ನಿಮ್ ಸೀಲ್ ಇತ್ತಲ್ಲ ಮೇಡಂ, ಏಳೆಂಟು ಜನ ತಗಂಡೋಗಿರ್ಬೇಕು. ಯಾರು ಎತ್ತ ಅಂತ ನಾ ಕೇಳ್ತೀನಾ?" ಎಂದಿದ್ದ. ಮುತ್ತುರಾಜ್ ಒಬ್ಬ. ಉಳಿದವರನ್ನು ಅವಳು ಹುಡುಕಿದಳು. ಆ ಕರಪತ್ರ ಸುಳ್ಳು, ನಮ್ಮ ಸೀಲು ಬಿದ್ದದ್ದು ನಮ್ಮ ತಪ್ಪು ಎಂದು ಬಸ್‌ಸ್ಟ್ಯಾಂಡಿನ ಗೋಡೆಗಳಿಗೆ ಅಂಟಿಸಿದಳು. ಯಾರೂ ಬರಲಿಲ್ಲ.

ಎರಡು ಸಾವಿರದ ಆರರ ಹೊತ್ತಿಗೆ ಸುದ್ದಿಗೆ ಕಾಗದವೂ ಬೇಡವಾಗಿತ್ತು, ಮೊಬೈಲಿನಲ್ಲಿ ಹಾರಿ ಬರುತ್ತಿತ್ತು. ಆ ಬೇಸಗೆ ಒಂದು ಮಧ್ಯಾಹ್ನ ಮುದ್ದಯ್ಯ ವಾಚನಾಲಯಕ್ಕೆ ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಮಗ ಕೊಡಿಸಿದ ಮೊಬೈಲನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. "ಇದ್ರಲ್ಲಿ ಏನೋ ಬಂದದೆ ಕೋಮ್ಲಾ. ಎಳನೀರು, ಉಪ್ಪು ಸೇರ್ಸಿ ಕುಡುದ್ರೆ ಸಕ್ಕರೆ ಕಾಯ್ಲೆ ಓಡೋಯ್ತದಂತೆ. ಊರೋರೆಲ್ಲ ಕುಡೀತಾವ್ರೆ. ನಾನಂದೆ, ತಡೀರಪ್ಪ, ಮೊದ್ಲು ನಾಯಿ ಎಲ್ಲದೆ ಕೇಳ್ಕಂಬತ್ತೀನಿ ಅಂತ." ಓದುತ್ತ ಕೂತ ಹುಡುಗರು ತಿರುಗಿ ನೋಡಿದರು, ಹಾಳೆಯ ಮೇಲಿನ ಸಾಲು ದಿನಾ ಕಂಡಿದ್ದರೂ ಅದು ಯಾವ ನಾಯಿ ಎಂದು ಅವರಿಗೆ ಗೊತ್ತಿರಲಿಲ್ಲ.

ಕೋಮಲಾ ನಗುತ್ತ ಎದ್ದು ಹೂಜಿಯಿಂದ ನೀರು ಬಗ್ಗಿಸಿ ಕೊಟ್ಟಳು. ಅವನು ಲೋಟ ಎತ್ತಿದ. ಅವಳ ನಗು ನಿಂತು, ಕಣ್ಣು ಅವನ ಗಂಟಲಿನ ಮೇಲೆ ನೆಟ್ಟಿತು, ಎಂಟು ವರ್ಷದಿಂದ ನೆಡುತ್ತಿದ್ದ ಹಾಗೆಯೇ. ಮುದ್ದಯ್ಯ ಅದನ್ನು ಕಂಡ. ನಿಧಾನವಾಗಿ, ನಿಲ್ಲಿಸದೆ, ಕೊನೆಯ ಹನಿಯವರೆಗೆ ಕುಡಿದು, ಲೋಟವನ್ನು ಅವಳೆದುರು ಬೋರಲು ಹಿಡಿದ.

"ಕುಡ್ದೆ ಕಣವ್ವಾ. ಪೂರ್ತಿ ಕುಡ್ದೆ."

ಕೋಮಲಾ ತಲೆಯಾಡಿಸಿ ಲೋಟ ತೆಗೆದುಕೊಂಡಳು. ಉಳಿದ ಆ ಆರೇಳು ಜನರ ಲೋಟ ಮಾತ್ರ ಅವಳಿಗೆ ಯಾರೂ ತೋರಿಸಿರಲಿಲ್ಲ.